ಒಂದು ಗುಂಡಿ, ಎರಡು ಕೆಲಸ: ಫೋಟೊ ಫೈಲುಗಳ ಹೊಂದಾಣಿಕೆಯ ಚರಿತ್ರೆ

ಫೋಟೊ ತಿದ್ದುವ ತಂತ್ರಾಂಶದ ಬೀಟಾ ಆವೃತ್ತಿ ಹೊರಬಂದರೆ ಅದರ ಬೆನ್ನಿಗೇ ಒಂದಿಷ್ಟು ಪರಿಚಿತ ದೂರುಗಳೂ ಬರುತ್ತವೆ. ತಿದ್ದಿದ ಚಿತ್ರ ಸೇವ್ ಆಗಲಿಲ್ಲ. ಸೇವ್ ಏನೋ ಆಯಿತು, ಹಳೆಯ ಆವೃತ್ತಿಯಲ್ಲಿ ತೆರೆಯುತ್ತಿಲ್ಲ. ತೆರೆಯಿತು, ಆದರೆ ಲೇಯರುಗಳಿಲ್ಲ, ಬಣ್ಣವೂ ಬೇರೆಯಾಗಿದೆ. ದೂರಿಗೆ ಸಿಗುವ ಸಮಾಧಾನವೂ ಅಷ್ಟೇ ಪರಿಚಿತ: ಬೀಟಾ ಎಂದ ಮೇಲೆ ಹೀಗೆಯೇ, ಪೂರ್ತಿ ಆವೃತ್ತಿ ಬರುವ ತನಕ ಕಾಯಿರಿ. ಈ ಸಮಾಧಾನದಲ್ಲಿ ನಿಜವೇ ಇಲ್ಲವೆಂದಲ್ಲ. ಆದರೆ ಡಿಜಿಟಲ್ ಫೋಟೊಗಳ ಸುಮಾರು ನಾಲ್ಕು ದಶಕಗಳ ಚರಿತ್ರೆಯನ್ನು ತಿರುವಿ ನೋಡಿದರೆ ಪೂರ್ತಿ ಆವೃತ್ತಿಗಳಲ್ಲೂ ಇದೇ ತೊಂದರೆಗಳು ಕಾಣುತ್ತವೆ. ಕಾಸು ಕೊಟ್ಟು ಕೊಂಡವುಗಳಲ್ಲಿ, ಜಗತ್ತೇ ಬಳಸಿದವುಗಳಲ್ಲಿ ಕಾಣುತ್ತವೆ. ಮೂಲ ಕಾರಣ ಬೇರೆ ಕಡೆ ಇದೆ. ‘ಸೇವ್’ ಎಂಬ ಒಂದೇ ಆಜ್ಞೆಯ ಮೇಲೆ ಈ ಕಸುಬು ಮೊದಲಿನಿಂದಲೂ ಎರಡು ಕೆಲಸ ಹೊರಿಸಿಕೊಂಡು ಬಂದಿದೆ. ನಡೆಯುತ್ತಿರುವ ಕೆಲಸವನ್ನು ನಾಳೆ ಮುಂದುವರಿಸಲು ಅನುವಾಗುವಂತೆ ಇದ್ದ ಹಾಗೇ ತೆಗೆದಿಡುವುದು ಒಂದು. ಮುಗಿದ ಚಿತ್ರವನ್ನು ಬೇರೊಬ್ಬರ ಕೈಗೆ, ಬೇರೊಂದು ಯಂತ್ರಕ್ಕೆ ದಾಟಿಸುವುದು ಇನ್ನೊಂದು. ಎರಡಕ್ಕೂ ಬೇಕಾದ ಗುಣಗಳು ಒಂದಕ್ಕೊಂದು ಎದುರು. ಮೊದಲನೆಯದು ತಂತ್ರಾಂಶ ಬೆಳೆದಂತೆಲ್ಲ ಬದಲಾಗಬೇಕು, ಎರಡನೆಯದು ಕಲ್ಲಿನಲ್ಲಿ ಕೊರೆದಂತೆ ನಿಲ್ಲಬೇಕು. ಇವೆರಡನ್ನು ಒಂದೆಂದು ಭಾವಿಸಿದಲ್ಲೆಲ್ಲ ಫೈಲು ಕೆಟ್ಟಿದೆ ಎಂಬುದೇ ಈ ಚರಿತ್ರೆಯಿಂದ ನನಗೆ ಕಾಣುವ ಮುಖ್ಯ ಸಂಗತಿ.

ಫೋಟೊಶಾಪ್ ಹುಟ್ಟಿದ್ದೇ ಹೀಗೆ ದಾಟಿಸುವ ಅಗತ್ಯದ ಆಸುಪಾಸಿನಲ್ಲಿ. 1987ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಥಾಮಸ್ ನೋಲ್, ಕಪ್ಪು ಬಿಳುಪು ಚುಕ್ಕೆಗಳನ್ನಷ್ಟೇ ತೋರಿಸಬಲ್ಲ ತನ್ನ ಮ್ಯಾಕ್ ಪ್ಲಸ್ ಪರದೆಯ ಮೇಲೆ ಬೂದು ಛಾಯೆಗಳ ಚಿತ್ರ ತೋರಿಸಲು ‘ಡಿಸ್‌ಪ್ಲೇ’ ಎಂಬ ಪುಟ್ಟ ಪ್ರೋಗ್ರಾಮ್ ಬರೆದ. ಸಿನಿಮಾ ಚಮತ್ಕಾರಗಳ ಕಂಪನಿ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್‌ನಲ್ಲಿದ್ದ ತಮ್ಮ ಜಾನ್ ನೋಲ್ ಅದನ್ನು ನೋಡಿ ಒಂದೊಂದೇ ಬೇಡಿಕೆ ಇಡುತ್ತ ಹೋದ. ಬೇರೆ ಬೇರೆ ಫಾರ್ಮ್ಯಾಟುಗಳ ಚಿತ್ರಗಳನ್ನು ಓದಿ ಬರೆಯುವ ಶಕ್ತಿ ಅದಕ್ಕೆ ಬಂದದ್ದು ಹಾಗೆ. ಅಡೋಬಿ ಕಂಪನಿ ಕೈಗೆತ್ತಿಕೊಂಡು 1990ರ ಫೆಬ್ರವರಿಯಲ್ಲಿ 1.0 ಬಿಡುಗಡೆ ಮಾಡುವ ಮೊದಲೇ ಈ ಪ್ರೋಗ್ರಾಮಿನ 0.87 ಆವೃತ್ತಿ ಬಾರ್ನಿಸ್ಕ್ಯಾನ್ ಎಂಬ ಸ್ಲೈಡ್ ಸ್ಕ್ಯಾನರಿನ ಜತೆಗೆ ಸುಮಾರು 200 ಪ್ರತಿ ಮಾರಾಟವಾಗಿತ್ತು. ಇಂದಿನ ಲೆಕ್ಕದಲ್ಲಿ ಅದು ಬೀಟಾವೇ. ಬೀಟಾ ಎಂಬ ಹಣೆಪಟ್ಟಿ ಇರಲಿಲ್ಲ ಅಷ್ಟೆ. ಆಗ ಲೇಯರುಗಳಿರಲಿಲ್ಲವಾದ್ದರಿಂದ ಕಂಪ್ಯೂಟರಿನ ನೆನಪಿನಲ್ಲಿರುವ ಚಿತ್ರಕ್ಕೂ ಡಿಸ್ಕಿನ ಮೇಲೆ ಬರೆಯುವ ಚಿತ್ರಕ್ಕೂ ಹೆಚ್ಚಿನ ಅಂತರವಿರಲಿಲ್ಲ. ಮೇಲೆ ಹೇಳಿದ ಎರಡು ಕೆಲಸಗಳು ಒಂದೇ ಎಂಬ ಭ್ರಮೆ ಬೇರುಬಿಟ್ಟಿದ್ದು ಆ ಸರಳ ದಿನಗಳಲ್ಲೇ.

ದಾಟಿಸುವ ಕೆಲಸಕ್ಕೆಂದೇ ಒಂದು ಫಾರ್ಮ್ಯಾಟ್ ಕಟ್ಟುವ ಪ್ರಯತ್ನ ಅದಕ್ಕೂ ಮೊದಲೇ ನಡೆದಿತ್ತು. ಪುಟವಿನ್ಯಾಸದ ಪೇಜ್‌ಮೇಕರ್ ತಯಾರಿಸಿದ ಆಲ್ಡಸ್ ಕಂಪನಿಗೆ ಒಂದು ತಲೆನೋವಿತ್ತು: ಒಬ್ಬೊಬ್ಬ ಸ್ಕ್ಯಾನರ್ ತಯಾರಕನೂ ತನ್ನದೇ ಬಗೆಯ ಫೈಲು ಕೊಡುತ್ತಿದ್ದ. ಎಲ್ಲರಿಗೂ ಒಪ್ಪಿಗೆಯಾಗುವ ಒಂದನ್ನು ರೂಪಿಸಿ 1986ರಲ್ಲಿ ಆಲ್ಡಸ್ ಪ್ರಕಟಿಸಿದ್ದೇ ಟಿಫ್. 1992ರ ಜೂನ್‌ನಲ್ಲಿ ಬಂದ ಅದರ 6.0 ಆವೃತ್ತಿ ಇಂದಿಗೂ ಆಧಾರ. ಟಿಫ್ ಫೈಲಿನ ಮೊದಲೆರಡು ಅಕ್ಷರಗಳಲ್ಲೇ ಆ ಕಾಲದ ಜಗಳ ಅಚ್ಚಾಗಿದೆ. ಇಂಟೆಲ್ ಚಿಪ್ಪುಗಳು ಸಂಖ್ಯೆಯ ಬೈಟುಗಳನ್ನು ಒಂದು ಕ್ರಮದಲ್ಲಿ ಜೋಡಿಸಿದರೆ, ಮ್ಯಾಕಿನೊಳಗಿದ್ದ ಮೊಟೊರೋಲಾ ಚಿಪ್ಪುಗಳು ತಿರುಗುಮುರುಗು ಜೋಡಿಸುತ್ತಿದ್ದವು. ಟಿಫ್ ಎರಡನ್ನೂ ಒಪ್ಪಿಕೊಂಡಿತು: ಫೈಲಿನ ಆರಂಭದಲ್ಲಿ ಎರಡು ‘ಐ’ ಇದ್ದರೆ ಇಂಟೆಲ್ ಕ್ರಮ, ಎರಡು ‘ಎಂ’ ಇದ್ದರೆ ಮೊಟೊರೋಲಾ ಕ್ರಮ. ಇಷ್ಟು ಉದಾರವಾಗಿದ್ದದ್ದೇ ಅದಕ್ಕೆ ಮುಳುವೂ ಆಯಿತು. ಕುಗ್ಗಿಸುವ ವಿಧಾನ ಹಲವು, ಬಣ್ಣದ ಮಾದರಿ ಹಲವು, ಕಂಪನಿಗಳು ತಮ್ಮದೇ ಖಾಸಗಿ ಟ್ಯಾಗುಗಳನ್ನು ಸೇರಿಸಿಕೊಳ್ಳಲೂ ಅವಕಾಶ. ಎಲ್ಲವನ್ನೂ ಓದಬಲ್ಲ ತಂತ್ರಾಂಶ ವಿರಳ. ಒಂದು ತಂತ್ರಾಂಶ ನಿಯಮಬದ್ಧವಾಗಿಯೇ ಬರೆದ ಟಿಫ್ ಇನ್ನೊಂದರಲ್ಲಿ ತೆರೆಯದ ಪ್ರಸಂಗಗಳು ಎಷ್ಟಾದವೆಂದರೆ, ಪರಸ್ಪರ ಹೊಂದದ ಸಾವಿರ ಫಾರ್ಮ್ಯಾಟುಗಳಿಗೆ ಇಟ್ಟ ಒಂದೇ ಹೆಸರು ಟಿಫ್ ಎಂಬ ತಮಾಷೆ ಕಸುಬಿನಲ್ಲಿ ಹುಟ್ಟಿಕೊಂಡಿತು. ಮುಕ್ತ ನಿಯಮಾವಳಿ ಇದ್ದುಬಿಟ್ಟರೆ ಹೊಂದಾಣಿಕೆ ತಾನಾಗಿ ಬರುತ್ತದೆ ಎನ್ನುವವರು ಟಿಫ್‌ನ ಕಥೆಯನ್ನೊಮ್ಮೆ ನೋಡಬೇಕು. ಎಲ್ಲವನ್ನೂ ತುಂಬಿಕೊಳ್ಳಲು ಹೊರಟ ಫಾರ್ಮ್ಯಾಟ್ ದಾಟಿಸುವ ಕೆಲಸಕ್ಕೆ ಅಷ್ಟರಮಟ್ಟಿಗೆ ಒದಗುವುದಿಲ್ಲ.

1994ರಲ್ಲಿ ಬಂದ ಫೋಟೊಶಾಪ್ 3.0 ಲೇಯರುಗಳನ್ನು ತಂದಿತು, ಅಲ್ಲಿಂದ ಕಥೆ ನಿಜಕ್ಕೂ ತಿರುಗಿತು. ದರ್ಜಿಯ ಮೇಜಿನ ಮೇಲೆ ಚಾಕ್ ಗೆರೆ, ಕಚ್ಚಾ ಹೊಲಿಗೆ, ಗುಂಡುಸೂಜಿಗಳ ಸಮೇತ ಇರುವ ಬಟ್ಟೆಗೂ ಗಿರಾಕಿ ತೊಟ್ಟು ಹೋಗುವ ರವಿಕೆಗೂ ಇರುವಷ್ಟು ಅಂತರ ಈಗ ಕೆಲಸದ ಫೈಲಿಗೂ ಚಿತ್ರಕ್ಕೂ ಏರ್ಪಟ್ಟಿತು. ಫೋಟೊಶಾಪಿನ ಸ್ವಂತ ಫಾರ್ಮ್ಯಾಟಾದ ಪಿಎಸ್‌ಡಿ ಫೈಲಿನೊಳಗೆ ಇರುವುದು ಚಿತ್ರಕ್ಕಿಂತ ಹೆಚ್ಚಾಗಿ ಚಿತ್ರ ಕಟ್ಟಿದ ಬಗೆ: ಯಾವ ಲೇಯರ್ ಎಲ್ಲಿದೆ, ಯಾವುದು ಯಾವುದರೊಡನೆ ಹೇಗೆ ಬೆರೆಯುತ್ತದೆ, ಎಲ್ಲಿ ಮುಸುಕು, ಎಲ್ಲಿ ಬಣ್ಣದ ತಿದ್ದುಪಡಿ. ಇದನ್ನು ಚಿತ್ರವಾಗಿಸಬೇಕಾದರೆ ಓದುವ ತಂತ್ರಾಂಶವೂ ಫೋಟೊಶಾಪಿನಂತೆಯೇ ಲೆಕ್ಕ ಹಾಕಬೇಕು. ಲೇಯರ್ ಅರಿಯದ 2.5 ಆವೃತ್ತಿ ಬಳಸುತ್ತಿದ್ದವರ ಗತಿ? ಅದಕ್ಕೆ ಅಡೋಬಿ ಒಂದು ಜಾಣ ಉಪಾಯ ಮಾಡಿತು. ಫೈಲಿನ ಕೊನೆಯಲ್ಲಿ ಎಲ್ಲ ಲೇಯರುಗಳನ್ನೂ ಬೆಸೆದ ಒಂದು ಚಪ್ಪಟೆ ಚಿತ್ರವನ್ನೂ ಬರೆದಿಟ್ಟಿತು. ಲೇಯರ್ ಗೊತ್ತಿಲ್ಲದವರು ಅದನ್ನಷ್ಟೇ ಓದಿಕೊಂಡರಾಯಿತು. ಗರಿಷ್ಠ ಹೊಂದಾಣಿಕೆ ಎಂಬ ಅರ್ಥದ ಆಯ್ಕೆಯಾಗಿ ಅದು ಇಂದಿಗೂ ಫೋಟೊಶಾಪಿನ ಸೆಟ್ಟಿಂಗುಗಳಲ್ಲಿದೆ. ಚಪ್ಪಟೆ ಚಿತ್ರ ಸೇರಿದರೆ ಫೈಲು ದಪ್ಪವಾಗುತ್ತದೆ, ಸೇವ್ ನಿಧಾನವಾಗುತ್ತದೆ. ಡಿಸ್ಕಿನ ಜಾಗ ದುಬಾರಿಯಾಗಿದ್ದ ಕಾಲದಲ್ಲಿ ಅನೇಕರು ಆ ಆಯ್ಕೆಯನ್ನು ತೆಗೆದುಹಾಕಿದರು. ವರ್ಷಗಳ ನಂತರ ಅದೇ ಫೈಲುಗಳನ್ನು ಬೇರೆ ತಂತ್ರಾಂಶದಲ್ಲಿ ತೆರೆದರೆ ಚಿತ್ರವಿರಬೇಕಾದ ಜಾಗದಲ್ಲಿ, ಬೆಸೆದ ಚಿತ್ರ ಇಲ್ಲದೆ ಈ ಫೈಲನ್ನು ಸೇವ್ ಮಾಡಲಾಗಿದೆ ಎಂಬ ಬರಹ ಹಲವು ಭಾಷೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅಡೋಬಿಯದೇ ಇನ್ನೊಂದು ಫೋಟೊ ತಂತ್ರಾಂಶವಾದ ಲೈಟ್‌ರೂಮ್ ಕೂಡ ಅಂಥ ಪಿಎಸ್‌ಡಿಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇಲ್ಲಿ ಗಮನಿಸಬೇಕಾದ್ದು, ಹೊಂದಾಣಿಕೆಯನ್ನು ಉಳಿಸಿದ್ದು ಒಂದೇ ಫೈಲಿನೊಳಗೆ ಎರಡೂ ಕೆಲಸಗಳನ್ನು ಬೇರೆಬೇರೆಯಾಗಿ ಇಟ್ಟದ್ದು. ಕೆಡಿಸಿದ್ದು ಅದರಲ್ಲಿ ಒಂದನ್ನು ಉಳಿತಾಯದ ನೆಪದಲ್ಲಿ ಕೈಬಿಟ್ಟದ್ದು.

ಪಿಎಸ್‌ಡಿಯ ಗಾತ್ರದ ಮಿತಿಯೂ ಇದೇ ಮಾತನ್ನು ಇನ್ನೊಂದು ದಿಕ್ಕಿನಿಂದ ಹೇಳುತ್ತದೆ. ಅಗಲ ಅಥವಾ ಎತ್ತರ 30,000 ಪಿಕ್ಸೆಲ್ ಮೀರಬಾರದು, ಫೈಲು 2 ಗಿಗಾಬೈಟ್ ಮೀರಬಾರದು. 1990ರಲ್ಲಿ ಇದು ಯಾರ ಕಲ್ಪನೆಗೂ ಎಟುಕದ ಗಾತ್ರ. 2003ರ ಫೋಟೊಶಾಪ್ ಸಿಎಸ್ ವೇಳೆಗೆ ಅದು ಗೋಡೆಯಾಗಿತ್ತು, ಹಾಗಾಗಿ ಪಿಎಸ್‌ಬಿ ಎಂಬ ಹೊಸ ಫಾರ್ಮ್ಯಾಟ್ ಬಂತು, ಮಿತಿ 3,00,000 ಪಿಕ್ಸೆಲ್‌ಗೆ ಏರಿತು. ಹಳೆಯ ಪಿಎಸ್‌ಡಿಯನ್ನೇ ಹಿಗ್ಗಿಸದೆ ಬೇರೆ ಹೆಸರು ಕೊಟ್ಟದ್ದು ವಿವೇಕದ ನಿರ್ಧಾರ. ಅದೇ ಹೆಸರಿನಲ್ಲಿ ಹಿಗ್ಗಿಸಿದ್ದರೆ ಜಗತ್ತಿನ ಹಳೆಯ ತಂತ್ರಾಂಶಗಳೆಲ್ಲ ಯಾವ ಪಿಎಸ್‌ಡಿ ತೆರೆಯುತ್ತದೆ, ಯಾವುದು ತೆರೆಯುವುದಿಲ್ಲ ಎಂದು ತಿಳಿಯದೆ ಒದ್ದಾಡಬೇಕಿತ್ತು. ಬೀಟಾದಲ್ಲಿ ದೊಡ್ಡ ಪನೋರಮಾ ಜೋಡಿಸಿ ಸೇವ್ ಒತ್ತಿದಾಗ ತಂತ್ರಾಂಶ ಒಲ್ಲೆನೆಂದರೆ ಅದು ಯಾವಾಗಲೂ ದೋಷವೇ ಆಗಿರಬೇಕಿಲ್ಲ. ಮೂವತ್ತೈದು ವರ್ಷ ಹಿಂದೆ ಯಾರೋ ಹಾಕಿದ ಬೇಲಿಯೂ ಆಗಿರಬಹುದು. ಟಿಫ್‌ನಲ್ಲಿ ಆ ಬೇಲಿ 4 ಗಿಗಾಬೈಟ್‌ನಲ್ಲಿದೆ, ಏಕೆಂದರೆ ಫೈಲಿನೊಳಗಿನ ವಿಳಾಸಗಳನ್ನು 32 ಬಿಟ್‌ಗಳಲ್ಲಿ ಬರೆಯಲಾಗುತ್ತದೆ.

ದಾಟಿಸುವ ಕೆಲಸದಲ್ಲಿ ಗೆದ್ದ ಫಾರ್ಮ್ಯಾಟ್ ಯಾವುದು ಎಂಬುದಕ್ಕೆ ಉತ್ತರ ಎಲ್ಲರ ಮೊಬೈಲಿನಲ್ಲೂ ಇದೆ. ಜೆಪೆಗ್‌ನ ಹೃದಯದಲ್ಲಿರುವ ಗಣಿತಕ್ಕೆ ಬೆಂಗಳೂರಿನ ನಂಟಿದೆ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್ 1972ರಲ್ಲಿ ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’ ಎಂಬ ವಿಧಾನದ ಅಧ್ಯಯನಕ್ಕೆ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಅನುದಾನ ಕೇಳಿದರು. ಸಿಗಲಿಲ್ಲ. ಬಿಡದೆ ಕೆಲಸ ಮುಂದುವರಿಸಿ ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರೊಡನೆ 1974ರ ಜನವರಿಯಲ್ಲಿ ಪ್ರಬಂಧ ಪ್ರಕಟಿಸಿದರು. ಚಿತ್ರವನ್ನು ಎಂಟು ಪಿಕ್ಸೆಲ್ ಉದ್ದ, ಎಂಟು ಅಗಲದ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದ ಬೆಳಕಿನ ಏರಿಳಿತವನ್ನು ಅಲೆಗಳ ಮೊತ್ತವಾಗಿ ಬರೆದು, ಕಣ್ಣಿಗೆ ಅಷ್ಟಾಗಿ ತಿಳಿಯದ ಸಣ್ಣ ಅಲೆಗಳನ್ನು ಒರಟಾಗಿಸಿ ಜಾಗ ಉಳಿಸುವುದು ಜೆಪೆಗ್‌ನ ದಾರಿ. 1986ರಲ್ಲಿ ಕೂತ ಸಮಿತಿ 1992ರಲ್ಲಿ ಮಾನಕವನ್ನು ಹೊರತಂದಿತು. ಸ್ವಾರಸ್ಯವೆಂದರೆ ಆ ಮಾನಕ ಚಿತ್ರವನ್ನು ಕುಗ್ಗಿಸುವುದನ್ನು ವಿವರವಾಗಿ ಹೇಳಿತೇ ಹೊರತು, ಕುಗ್ಗಿಸಿದ್ದನ್ನು ಫೈಲಾಗಿ ಹೇಗೆ ಕಟ್ಟಬೇಕು, ಬಣ್ಣವನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಎಂಬುದನ್ನು ಪೂರ್ತಿಯಾಗಿ ಹೇಳಲಿಲ್ಲ. ಒಬ್ಬರ ಜೆಪೆಗ್ ಇನ್ನೊಬ್ಬರಲ್ಲಿ ತೆರೆಯದ ಸ್ಥಿತಿ ಇಲ್ಲೂ ಬರುವುದರಲ್ಲಿತ್ತು. ಸಿ-ಕ್ಯೂಬ್ ಕಂಪನಿಯ ಎರಿಕ್ ಹ್ಯಾಮಿಲ್ಟನ್ ಅದೇ ವರ್ಷ ಜೆಫಿಫ್ ಎಂಬ ಚಿಕ್ಕ ಒಪ್ಪಂದವನ್ನು ಬರೆದು ಆ ಖಾಲಿ ಜಾಗವನ್ನು ತುಂಬಿದರು. ಟಾಮ್ ಲೇನ್ ಮುಂದಾಳತ್ವದ ಸ್ವತಂತ್ರ ಗುಂಪೊಂದು ಯಾರು ಬೇಕಾದರೂ ಬಳಸಬಹುದಾದ ಉಚಿತ ಕೋಡನ್ನು 1991ರಿಂದಲೇ ಹಂಚಿತು. ಕ್ಯಾಮೆರಾ, ಬ್ರೌಸರ್, ಪ್ರಿಂಟರ್ ಎಲ್ಲವೂ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಓದಿ ಬರೆಯತೊಡಗಿದ್ದಕ್ಕೆ ಮಾನಕದಷ್ಟೇ ಈ ಕೋಡೂ ಕಾರಣ.

ಜೆಪೆಗ್ ಗೆದ್ದದ್ದು ಫೈಲು ಚಿಕ್ಕದಾಗುತ್ತದೆಂಬ ಒಂದೇ ಕಾರಣಕ್ಕೆ ಎಂದು ಯಾರಾದರೂ ಆಕ್ಷೇಪಿಸಬಹುದು. ಹಾಗಿದ್ದರೆ ಇನ್ನಷ್ಟು ಚಿಕ್ಕದಾಗಿಸಬಲ್ಲ ಜೆಪೆಗ್ 2000 ಅದನ್ನು ಎಂದೋ ಬದಿಗೆ ಸರಿಸಬೇಕಿತ್ತು. ಸಿನಿಮಾ ಮಂದಿರಗಳ ಡಿಜಿಟಲ್ ಪ್ರದರ್ಶನದಲ್ಲಿ, ಗ್ರಂಥಾಲಯಗಳ ಸಂಗ್ರಹಗಳಲ್ಲಿ ಅದಕ್ಕೆ ನೆಲೆ ಸಿಕ್ಕಿತು; ಜನರ ಕ್ಯಾಮೆರಾಗೆ ಅದು ಬರಲೇ ಇಲ್ಲ. ಚಿತ್ರದ ಗುಣಮಟ್ಟದ ದೃಷ್ಟಿಯಿಂದ ಜೆಪೆಗ್ ಬಡವ: ಎಂಟು ಬಿಟ್ ಬಣ್ಣ, ಲೇಯರ್ ಇಲ್ಲ, ಪಾರದರ್ಶಕತೆ ಇಲ್ಲ, ತಿದ್ದಿ ತಿದ್ದಿ ಸೇವ್ ಮಾಡಿದಷ್ಟೂ ಚಿತ್ರ ಸವೆಯುತ್ತದೆ. ಆದರೆ ಈ ಬಡತನವೇ ಅದರ ಬಾಳಿಕೆಗೆ ಆಧಾರ. ಅದರೊಳಗೆ ಹೊಸದೇನನ್ನೂ ತುರುಕಲು ಜಾಗವಿಲ್ಲದ್ದರಿಂದ ಓದುವವನನ್ನು ಗೊಂದಲಕ್ಕೆ ಕೆಡವುವ ಸಂದರ್ಭವೂ ಕಡಿಮೆ. ಅತ್ತ ಜಿಫ್ ಫಾರ್ಮ್ಯಾಟಿಗೆ ಬಂದ ಕಂಟಕ ಕಾನೂನಿನದು. 1987ರಲ್ಲಿ ಕಂಪ್ಯುಸರ್ವ್ ಹೊರತಂದ ಜಿಫ್ ಬಳಸುತ್ತಿದ್ದ ಕುಗ್ಗಿಸುವ ವಿಧಾನದ ಪೇಟೆಂಟ್ ಯುನಿಸಿಸ್ ಬಳಿ ಇತ್ತು. 1994ರ ಕೊನೆಯಲ್ಲಿ ಜಿಫ್ ಬರೆಯುವ ತಂತ್ರಾಂಶಗಳು ಪರವಾನಗಿ ಪಡೆಯಬೇಕೆಂಬ ಘೋಷಣೆ ಬಂತು. ಸಿಟ್ಟಿಗೆದ್ದ ಪ್ರೋಗ್ರಾಮರುಗಳು ತಿಂಗಳೊಳಗೆ ಕೆಲಸ ಶುರುಮಾಡಿ ಕಟ್ಟಿದ ಪಿಎನ್‌ಜಿ 1996ರ ಅಕ್ಟೋಬರ್‌ನಲ್ಲಿ ವೆಬ್‌ನ ಅಧಿಕೃತ ಶಿಫಾರಸಾಯಿತು.

ಇಷ್ಟರಲ್ಲಿ ಕ್ಯಾಮೆರಾಗಳು ಡಿಜಿಟಲ್ ಆದವು, ಕೆಲಸದ ಫೈಲಿಗೂ ಚಿತ್ರಕ್ಕೂ ನಡುವಿನ ಅಂತರ ಇನ್ನಷ್ಟು ಹಿಗ್ಗಿತು. ‘ರಾ’ ಫೈಲಿನಲ್ಲಿ ಚಿತ್ರವೇ ಇರುವುದಿಲ್ಲ, ಸೆನ್ಸರ್ ಅಳೆದ ಬೆಳಕಿನ ಲೆಕ್ಕ ಇರುತ್ತದೆ. ಕ್ಯಾನನ್‌ನದು ಒಂದು ಬಗೆ, ನಿಕಾನ್‌ನದು ಇನ್ನೊಂದು, ಹೊಸ ಮಾದರಿಯ ಕ್ಯಾಮೆರಾ ಬಂದಾಗಲೆಲ್ಲ ಒಳರಚನೆಯಲ್ಲೂ ಒಂದಿಷ್ಟು ಬದಲಾವಣೆ. ಹೊಸ ಕ್ಯಾಮೆರಾ ಕೊಂಡವರು ತಮ್ಮ ಫೋಟೊಶಾಪಿನಲ್ಲಿ ಫೈಲು ತೆರೆಯದೆ ಪರದಾಡುವುದು ಅಲ್ಲಿಂದ ಮೊದಲಾಯಿತು. ಡೇವ್ ಕಾಫಿನ್ ಎಂಬಾತ 1997ರಿಂದ ಒಬ್ಬನೇ ಕೂತು ಒಂದೊಂದು ಕ್ಯಾಮೆರಾದ ಗುಟ್ಟು ಬಿಡಿಸಿ ‘ಡಿಸಿರಾ’ ಎಂಬ ಉಚಿತ ಪ್ರೋಗ್ರಾಮ್ ಬರೆದ. ಎಷ್ಟೋ ತಂತ್ರಾಂಶಗಳು ಅದನ್ನೇ ನೆಚ್ಚಿಕೊಂಡವು. 2005ರಲ್ಲಿ ನಿಕಾನ್ ಡಿ2ಎಕ್ಸ್ ಕ್ಯಾಮೆರಾದ ಫೈಲಿನಲ್ಲಿ ವೈಟ್ ಬ್ಯಾಲೆನ್ಸ್ ಮಾಹಿತಿಯನ್ನು ಗೂಢಲಿಪಿಯಲ್ಲಿ ಬಚ್ಚಿಟ್ಟಿದೆ ಎಂದು ಥಾಮಸ್ ನೋಲ್ ಬಹಿರಂಗವಾಗಿ ಆಕ್ಷೇಪಿಸಿದಾಗ ಗದ್ದಲವೆದ್ದಿತು. ಬೇಕಾದವರು ತನ್ನ ತಂತ್ರಾಂಶ ಕಿಟ್ ಬಳಸಿ ಓದಿಕೊಳ್ಳಲಿ ಎಂಬುದು ನಿಕಾನ್‌ನ ಉತ್ತರ. ಅದರ ಹಿಂದಿನ ವರ್ಷವೇ, 2004ರ ಸೆಪ್ಟೆಂಬರ್‌ನಲ್ಲಿ, ಅಡೋಬಿ ಡಿಎನ್‌ಜಿ ಎಂಬ ಪ್ರಕಟಿತ ರಾ ಫಾರ್ಮ್ಯಾಟನ್ನು ಮುಂದಿಟ್ಟಿತ್ತು. ಲೈಕಾ, ಪೆಂಟಾಕ್ಸ್ ಒಪ್ಪಿದವು. ಕ್ಯಾನನ್, ನಿಕಾನ್ ಒಪ್ಪಲಿಲ್ಲ. ತಯಾರಕರ ವಾದವನ್ನು ತಳ್ಳಿಹಾಕುವಂತಿಲ್ಲ: ಸೆನ್ಸರ್ ಪ್ರತಿ ವರ್ಷ ಬದಲಾಗುವಾಗ ಅದರ ಲೆಕ್ಕದ ಪುಸ್ತಕವನ್ನು ಹಳೆಯ ನಮೂನೆಯಲ್ಲೇ ಬರೆಯಿರಿ ಎಂದರೆ ಕೈ ಕಟ್ಟಿದಂತೆ. ಹೊಸ ನಮೂನೆ ಇರಲಿ, ಆದರೆ ಅದರ ವಿವರಣೆ ಪ್ರಕಟವಾಗಲಿ ಎಂಬುದಕ್ಕೆ ಮಾತ್ರ ಅವರ ಬಳಿ ಒಪ್ಪುವಂಥ ಉತ್ತರವಿಲ್ಲ.

ಬೀಟಾವನ್ನು ಊರಿಗೆಲ್ಲ ಹಂಚುವ ಪದ್ಧತಿ ಈ ಕಸುಬಿನಲ್ಲಿ ಗಟ್ಟಿಯಾದದ್ದು 2006ರಲ್ಲಿ. ಉಚಿತ ತಂತ್ರಾಂಶಗಳ ಲೋಕದಲ್ಲಿ ಅದು ಮೊದಲೇ ಇತ್ತು. ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ಬರೆದ ಗಿಂಪ್ 1996ರಲ್ಲಿ ಬೀಟಾವಾಗಿಯೇ ಹೊರಬಂದಿತ್ತು. ಆದರೆ ದೊಡ್ಡ ಕಂಪನಿಯೊಂದು ತನ್ನ ಹೊಸ ಫೋಟೊ ತಂತ್ರಾಂಶವನ್ನು ಮುಗಿಯುವ ಮೊದಲೇ ಎಲ್ಲರ ಕೈಗಿತ್ತದ್ದು ದೊಡ್ಡ ಸುದ್ದಿ. 2006ರ ಜನವರಿಯಲ್ಲಿ ಲೈಟ್‌ರೂಮಿನ ಬೀಟಾ ಮ್ಯಾಕ್‌ಗೆ ಬಂತು, ವರ್ಷದ ಕೊನೆಗೆ ಫೋಟೊಶಾಪ್ ಸಿಎಸ್3ರ ಬೀಟಾ. ಲೈಟ್‌ರೂಮ್ ಮೂಲ ಫೈಲನ್ನು ಮುಟ್ಟುವುದೇ ಇಲ್ಲ. ಬೆಳಕು ಇಷ್ಟು ಏರಿಸು, ನೆರಳು ಇಷ್ಟು ತೆಗೆ ಎಂಬ ಸೂಚನೆಗಳನ್ನು ತನ್ನ ಕ್ಯಾಟಲಾಗಿನಲ್ಲಿ ಬರೆದಿಡುತ್ತದೆ. ಅಂದರೆ ಸೇವ್ ಎಂಬ ಗುಂಡಿಯೇ ಮಾಯವಾಗಿ, ಹೊರಗೆ ಕೊಡಬೇಕಾದಾಗ ಎಕ್ಸ್‌ಪೋರ್ಟ್ ಮಾತ್ರ ಉಳಿಯಿತು. ಎರಡು ಕೆಲಸಗಳನ್ನು ಇಷ್ಟು ಸ್ವಚ್ಛವಾಗಿ ಬೇರ್ಪಡಿಸಿದ ತಂತ್ರಾಂಶದಲ್ಲೂ ಸಮಸ್ಯೆ ಬೇರೆ ರೂಪದಲ್ಲಿ ತಲೆ ಎತ್ತಿತು. ಸೂಚನೆಗಳನ್ನು ಅರ್ಥೈಸುವ ಲೆಕ್ಕಾಚಾರವೇ ಸುಧಾರಿಸಿದರೆ ಹಳೆಯ ಸೂಚನೆಗಳು ಹೊಸ ಚಿತ್ರ ಕೊಡುತ್ತವಲ್ಲ? ಅದಕ್ಕಾಗಿ ಲೈಟ್‌ರೂಮ್ 3ರಿಂದ ಅಡೋಬಿ ತನ್ನ ಲೆಕ್ಕಾಚಾರಗಳಿಗೆ ಇಸವಿಯ ಹೆಸರಿಟ್ಟು, 2003, 2010, 2012 ಎಂಬ ಹಳೆಯ ವಿಧಾನಗಳನ್ನೆಲ್ಲ ತಂತ್ರಾಂಶದೊಳಗೇ ಉಳಿಸಿಕೊಂಡಿತು. ಹಾಗೆ ಉಳಿಸುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಆಪಲ್‌ನ ಅಪರ್ಚರ್ ಸಾಕ್ಷಿ. 2005ರಲ್ಲಿ ಬಂದ ಅದನ್ನು ನಿಲ್ಲಿಸುವುದಾಗಿ ಆಪಲ್ 2014ರಲ್ಲಿ ಹೇಳಿತು. 2019ರ ಮ್ಯಾಕ್ ಆವೃತ್ತಿಯಲ್ಲಿ ಅದು ಓಡಲೇ ಇಲ್ಲ. ಲೈಟ್‌ರೂಮಿಗೆ ವಲಸೆ ಹೋದವರಿಗೆ ಮೂಲ ಫೋಟೊಗಳು, ಕೀವರ್ಡುಗಳು ದಕ್ಕಿದವು. ವರ್ಷಗಟ್ಟಲೆ ಮಾಡಿದ ತಿದ್ದುಪಡಿ ಸೂಚನೆಗಳು ದಾಟಲಿಲ್ಲ. ಬೀಟಾ ಅಲ್ಲ, ಒಂಬತ್ತು ವರ್ಷ ಹಣ ಪಡೆದು ಮಾರಿದ ಸರಕು ಅದು.

ಎರಡು ಕೆಲಸಗಳನ್ನು ಗುಂಡಿಯ ಮಟ್ಟದಲ್ಲೇ ಬೇರ್ಪಡಿಸಹೊರಟವರು ಬೈಗುಳವನ್ನೂ ತಿಂದಿದ್ದಾರೆ. 2012ರ ಮೇ ತಿಂಗಳಲ್ಲಿ ಬಂದ ಗಿಂಪ್ 2.8, ಸೇವ್ ಎಂದರೆ ತನ್ನದೇ ಎಕ್ಸ್‌ಸಿಎಫ್ ಫಾರ್ಮ್ಯಾಟಿಗೆ ಮಾತ್ರ, ಜೆಪೆಗ್ ಪಿಎನ್‌ಜಿಗಳೆಲ್ಲ ಎಕ್ಸ್‌ಪೋರ್ಟ್ ಎಂದು ನಿಯಮ ಮಾಡಿತು. ಒಂದು ಜೆಪೆಗ್ ತೆರೆದು ಅಂಚು ಕತ್ತರಿಸಿ ಕಂಟ್ರೋಲ್-ಎಸ್ ಒತ್ತುವವರಿಗೆ ಇದು ಕಿರುಕುಳವೆನಿಸಿತು, ಪ್ರತಿಭಟನೆಯೇ ನಡೆಯಿತು. ಗಿಂಪ್ ತಂಡ ಜಗ್ಗಲಿಲ್ಲ. ಒಂಬತ್ತು ವರ್ಷಗಳ ನಂತರ, 2021ರ ಮೇ ತಿಂಗಳಲ್ಲಿ ಫೋಟೊಶಾಪ್ ಕೂಡ ಸೇವ್ ಆಸ್ ಪಟ್ಟಿಯಿಂದ ಜೆಪೆಗ್ ಮತ್ತು ಪಿಎನ್‌ಜಿಯನ್ನು ತೆಗೆದು, ನಕಲು ಪ್ರತಿಯನ್ನು ಸೇವ್ ಮಾಡುವ ಬೇರೆ ಆಜ್ಞೆಯ ಕೆಳಗೆ ಇಟ್ಟಿತು. ಲೇಯರುಳ್ಳ ಚಿತ್ರಕ್ಕೆ ಜೆಪೆಗ್ ಆಯ್ಕೆಯೇ ಕಾಣದೆ ಜನ ತಂತ್ರಾಂಶ ಕೆಟ್ಟಿದೆಯೆಂದೇ ತಿಳಿದರು. ಕೂಗು ಜೋರಾಗಿ ಒಂದೆರಡು ತಿಂಗಳಲ್ಲಿ ಹಳೆಯ ಪದ್ಧತಿಗೆ ಮರಳುವ ಆಯ್ಕೆಯನ್ನು ಅಡೋಬಿ ಸೆಟ್ಟಿಂಗಿನಲ್ಲಿ ಕೊಡಬೇಕಾಯಿತು. ಬಳಕೆದಾರರ ಸಿಟ್ಟಿಗೆ ಅರ್ಥವಿದೆ. ಇಪ್ಪತ್ತು ವರ್ಷ ಬೆರಳಿಗೆ ಅಭ್ಯಾಸವಾದದ್ದನ್ನು ಹೇಳದೆ ಕೇಳದೆ ಬದಲಿಸಿದರೆ ಯಾರಾದರೂ ಬೈಯುತ್ತಾರೆ. ಆದರೂ ಗಿಂಪ್ ತಂಡದ ಪಕ್ಷವೇ ಸರಿಯೆಂದು ನನ್ನ ತೀರ್ಮಾನ. ಲೇಯರುಗಳಿರುವ ಕೆಲಸವನ್ನು ಜೆಪೆಗ್ ಆಗಿ ‘ಸೇವ್’ ಮಾಡಿ ಮುಚ್ಚಿದವರು ಕಳೆದುಕೊಂಡದ್ದರ ಮುಂದೆ ಒಂದು ಹೆಚ್ಚಿನ ಕ್ಲಿಕ್ಕಿನ ಕಿರುಕುಳ ದೊಡ್ಡದಲ್ಲ.

ಈಗ ಬೀಟಾದ ಪ್ರಶ್ನೆಗೆ ಮರಳಬಹುದು. ಬೀಟಾದಲ್ಲಿ ಹೊಸ ಸೌಲಭ್ಯಗಳು ಬರುತ್ತವೆ, ಅವನ್ನು ನೆನಪಿಡಲು ಕೆಲಸದ ಫೈಲಿಗೆ ಹೊಸ ಖಾನೆಗಳು ಬೇಕು. ಆ ಖಾನೆಗಳ ಆಕಾರ ಇನ್ನೂ ನಿಶ್ಚಯವಾಗಿರುವುದಿಲ್ಲ, ಈ ವಾರದ ಬೀಟಾ ಬರೆದದ್ದನ್ನು ಮುಂದಿನ ವಾರದ್ದು ಓದಲೇಬೇಕೆಂಬ ಕಟ್ಟುಪಾಡೂ ಇರುವುದಿಲ್ಲ. ಅಫಿನಿಟಿ ಫೋಟೊದ ತಯಾರಕರು ಬೀಟಾದಲ್ಲಿ ಸೇವ್ ಮಾಡಿದ ಫೈಲು ಮಾರಾಟದ ಆವೃತ್ತಿಯಲ್ಲಿ ತೆರೆಯದಿರಬಹುದು ಎಂದು ಮೊದಲೇ ಎಚ್ಚರಿಸುತ್ತಿದ್ದರು. 2022ರ ಅಫಿನಿಟಿ 2 ಬಂದಾಗ ಅದರ ಫೈಲುಗಳು 1ರಲ್ಲಿ ತೆರೆಯಲಿಲ್ಲ. ಗಿಂಪ್ ಇಲ್ಲೊಂದು ಒಳ್ಳೆಯ ರೂಢಿ ಹಾಕಿದೆ: ಚಿತ್ರದಲ್ಲಿ ಬಳಸಿದ ಸೌಲಭ್ಯಗಳನ್ನು ನೋಡಿ ಅದಕ್ಕೆ ಸಾಕಾಗುವಷ್ಟು ಹಳೆಯ ಎಕ್ಸ್‌ಸಿಎಫ್ ಆವೃತ್ತಿಯಲ್ಲೇ ಬರೆಯುತ್ತದೆ, ಹಳೆಯ ಗಿಂಪ್‌ನಲ್ಲಿ ತೆರೆಯದು ಎಂದಾದರೆ ಸೇವ್ ಮಾಡುವಾಗಲೇ ಹೇಳುತ್ತದೆ. ಎಚ್ಚರಿಕೆ ಓದದೆ ಕೆಟ್ಟರೆ ಬಳಕೆದಾರನದೇ ತಪ್ಪಲ್ಲವೇ ಎಂದು ಕೇಳುವವರಿದ್ದಾರೆ. ಇನ್‌ಸ್ಟಾಲ್ ಮಾಡುವಾಗ ಒಮ್ಮೆ ತೋರಿಸಿದ ಎಚ್ಚರಿಕೆ ತಿಂಗಳ ನಂತರ ಸೇವ್ ಒತ್ತುವ ಗಳಿಗೆಯಲ್ಲಿ ಯಾರ ನೆನಪಿನಲ್ಲೂ ಇರುವುದಿಲ್ಲ. ಹಾನಿ ಎಲ್ಲಿ ಆಗುತ್ತದೋ ಅಲ್ಲೇ ಹೇಳಬೇಕು, ಗಿಂಪ್ ಹೇಳಿದಂತೆ. ಇನ್ನು ಸೇವ್ ಅರ್ಧಕ್ಕೆ ನಿಂತು ಫೈಲು ಹಾಳಾಗುವುದು ಬೇರೆಯದೇ ಸಂಗತಿ. ಹಳೆಯ ಫೈಲಿನ ಮೇಲೆಯೇ ಬರೆಯದೆ ಮೊದಲು ತಾತ್ಕಾಲಿಕ ಫೈಲಿಗೆ ಪೂರ್ತಿ ಬರೆದು, ಆಮೇಲೆ ಹೆಸರು ಬದಲಿಸುವ ವಿಧಾನ ಬಹಳ ಹಳೆಯದು. ಅದನ್ನು ಪಾಲಿಸದ ತಂತ್ರಾಂಶಕ್ಕೆ ಬೀಟಾ ಎಂಬ ರಿಯಾಯಿತಿಯೂ ಸಲ್ಲದು.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಈ ಕಥೆಯಲ್ಲೊಂದು ಹೆಚ್ಚಿನ ಅಧ್ಯಾಯವಿದೆ. ಫೋಟೊಶಾಪಿಗೆ ಬಹುಕಾಲ ಕನ್ನಡದ ಒತ್ತಕ್ಷರ, ಗುಣಿತಗಳನ್ನು ಯೂನಿಕೋಡ್‌ನಲ್ಲಿ ಸರಿಯಾಗಿ ಜೋಡಿಸಲು ಬರುತ್ತಿರಲಿಲ್ಲ; ಅಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತಿದ್ದವು. ಆದ್ದರಿಂದ ಮದುವೆ ಆಲ್ಬಮ್, ಆಮಂತ್ರಣ, ಫ್ಲೆಕ್ಸ್ ಮಾಡುವವರೆಲ್ಲ ನುಡಿ, ಶ್ರೀಲಿಪಿಯಂಥ ಹಳೆಯ ಸಂಕೇತದ ಫಾಂಟುಗಳನ್ನು ನೆಚ್ಚಿಕೊಂಡರು. ಅಂಥ ಫೈಲಿನ ಪಠ್ಯದ ಲೇಯರಿನಲ್ಲಿ ಕಂಪ್ಯೂಟರಿನ ದೃಷ್ಟಿಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಫಾಂಟ್ ಅವುಗಳ ಮೇಲೆ ಕನ್ನಡದ ಚಿತ್ರ ಹೊದಿಸುತ್ತದೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಪಿಎಸ್‌ಡಿ ಯಾವ ದೋಷವೂ ಇಲ್ಲದೆ ತೆರೆದುಕೊಳ್ಳುತ್ತದೆ. ಅಕ್ಷರ ತಿದ್ದಲು ಹೊರಟ ಕ್ಷಣ ವಧೂವರರ ಹೆಸರು ಅರ್ಥವಿಲ್ಲದ ಇಂಗ್ಲಿಷ್ ಗೀಚಾಗುತ್ತದೆ. ಹಾಗಾಗಿಯೇ ಅಚ್ಚಿಗೆ ಕಳಿಸುವ ಮೊದಲು ಪಠ್ಯವನ್ನು ಚಿತ್ರವಾಗಿಸಿ, ಚಪ್ಪಟೆ ಮಾಡಿದ ಜೆಪೆಗ್ ಅಥವಾ ಟಿಫ್ ಕೊಡುವುದು ಇಲ್ಲಿನ ಕಸುಬಿನ ಕಟ್ಟಳೆಯಾಯಿತು. ತಿದ್ದುವ ಪ್ರತಿ ತನ್ನ ಬಳಿ, ಕೊಡುವ ಪ್ರತಿ ಅಚ್ಚುಮನೆಗೆ. ಕೆಲಸಗಳನ್ನು ಬೇರೆಬೇರೆಯಾಗಿ ಇಡಬೇಕೆಂಬ ತತ್ತ್ವವನ್ನು ಯಾರೂ ಕಲಿಸದೆಯೇ ನಮ್ಮ ಡಿಟಿಪಿಯವರು ಪಾಲಿಸಿದ್ದು ಹೀಗೆ.

ತಂತ್ರಾಂಶಗಳು ತಾವಾಗಿಯೇ ನವೀಕರಣಗೊಳ್ಳುವ, ಫೋಟೊಗಳೆಲ್ಲ ಕ್ಲೌಡ್‌ನಲ್ಲಿರುವ ಈ ಕಾಲದಲ್ಲಿ ಇದೆಲ್ಲ ಹಳೆಯ ಗೋಳು ಎಂಬುದು ಕೊನೆಯ ಆಕ್ಷೇಪ. 2017ರಲ್ಲಿ ಆಪಲ್ ಐಫೋನಿನ ಫೋಟೊಗಳನ್ನು ಹೆಯ್ಕ್ ಎಂಬ ಹೊಸ ಫಾರ್ಮ್ಯಾಟಿಗೆ ಬದಲಿಸಿತು. ಗಾತ್ರ ಸುಮಾರು ಅರ್ಧ, ಗುಣಮಟ್ಟ ಚೆನ್ನ, ಆಪಲ್‌ನ ಬೇಲಿಯೊಳಗೆ ಎಲ್ಲವೂ ಸುಸೂತ್ರ. 2020ರ ಮೇ ತಿಂಗಳಲ್ಲಿ ಕೊರೊನಾ ಕಾರಣದಿಂದ ಅಮೆರಿಕದ ಹೈಸ್ಕೂಲು ವಿದ್ಯಾರ್ಥಿಗಳು ಬರೆಯುವ ಎಪಿ ಪರೀಕ್ಷೆಗಳು ಮನೆಯಿಂದಲೇ ನಡೆದಾಗ, ಉತ್ತರಪತ್ರಿಕೆಯ ಫೋಟೊವನ್ನು ಐಫೋನಿನಿಂದ ಕಳಿಸಲು ಹೊರಟ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಪರೀಕ್ಷಾ ತಾಣದ ಬಾಗಿಲು ತೆರೆಯಲಿಲ್ಲ; ಅದಕ್ಕೆ ಹೆಯ್ಕ್ ಗೊತ್ತಿರಲಿಲ್ಲ. ಸಮಯ ಮುಗಿಯಿತು, ಮತ್ತೆ ಪರೀಕ್ಷೆ ಬರೆಯಬೇಕಾಯಿತು. ಐಫೋನಿನ ಸೆಟ್ಟಿಂಗಿನಲ್ಲಿ ಅತಿ ಹೆಚ್ಚು ಹೊಂದುವ ಫಾರ್ಮ್ಯಾಟ್ ಎಂಬ ಆಯ್ಕೆ ಇಂದಿಗೂ ಇದೆ. ಅದನ್ನು ಒತ್ತಿದರೆ ಫೋಟೊಗಳು ಜೆಪೆಗ್ ಆಗುತ್ತವೆ. ಕ್ಲೌಡ್ ಮಾಡಿದ್ದು ಬೇಲಿಯನ್ನು ದೊಡ್ಡದಾಗಿಸಿದ್ದು ಮಾತ್ರ. ಬೇಲಿ ದಾಟುವ ಗಳಿಗೆ ಬಂದೇ ಬರುತ್ತದೆ, ನಮ್ಮ ನೇಮಕಾತಿ ಅರ್ಜಿಗಳ ಜಾಲತಾಣಗಳು ಇಂತಿಷ್ಟು ಕಿಲೊಬೈಟಿನ ಜೆಪೆಗ್ ಮಾತ್ರ ಕೊಡಿ ಎಂದು ಕೇಳುವಾಗ ಬರುವ ಹಾಗೆ.

ಬೀಟಾ ಹಾಕಿಕೊಳ್ಳುವುದು ಬೇಡವೆಂದಲ್ಲ. ಹಾಕಿಕೊಂಡವರ ದೂರುಗಳಿಂದಲೇ ತಂತ್ರಾಂಶ ನೆಟ್ಟಗಾಗುವುದು. ಹಾಕಿಕೊಂಡರೆ ಅದರಲ್ಲಿ ಮೂಲ ಫೈಲಿನ ನಕಲನ್ನಷ್ಟೇ ತೆರೆಯಿರಿ, ಕೆಲಸದ ಫೈಲಿನ ಹೆಸರಿನಲ್ಲೇ ಯಾವ ಬೀಟಾ ಎಂದು ಬರೆದಿಡಿ, ದಿನದ ಕೊನೆಗೆ ಚಪ್ಪಟೆ ಮಾಡಿದ ಒಂದು 16 ಬಿಟ್ ಟಿಫ್ ಹೊರತೆಗೆಯಿರಿ, ಅದನ್ನು ಬೇರೆ ಯಾರೋ ತಯಾರಿಸಿದ ಇನ್ನೊಂದು ತಂತ್ರಾಂಶದಲ್ಲಿ ತೆರೆದು ನೋಡಿದ ಮೇಲೆಯೇ ಕಂಪ್ಯೂಟರ್ ಆರಿಸಿ. ಫಾಂಟುಗಳನ್ನು ಬಳಸಿದ್ದರೆ ಅವುಗಳ ಫೈಲನ್ನೂ ಅದೇ ಫೋಲ್ಡರಿನಲ್ಲಿಡಿ. ತಯಾರಕರಿಗೆ ದೂರು ಬರೆಯುವಾಗ ಸೇವ್ ಆಗಲಿಲ್ಲ ಎಂದಷ್ಟೇ ಬರೆಯದೆ, ಯಾವ ಫಾರ್ಮ್ಯಾಟ್, ಎಷ್ಟು ಪಿಕ್ಸೆಲ್, ಎಷ್ಟು ಬಿಟ್, ಯಾವ ಡಿಸ್ಕಿಗೆ ಎಂಬುದನ್ನೂ ಸೇರಿಸಿ. ಆ ನಾಲ್ಕು ವಿವರಗಳಿಲ್ಲದ ದೂರಿನಿಂದ ಅವರಿಗೆ ಏನೂ ತಿಳಿಯುವುದಿಲ್ಲ.